ಮೊಟ್ಟೆಯಿಲ್ಲದ ಮನೆಗೊಂದು ಹಣ್ಣಿನ ಕೇಕು

ಡಿಸೆಂಬರ್ ತಿಂಗಳ ನಡುಭಾಗಕ್ಕೆ ಬರುವಷ್ಟರಲ್ಲಿ ಕೇರಳದ ಬೇಕರಿಗಳ ಗಾಜಿನ ಕಪಾಟುಗಳು ಬಣ್ಣ ಬದಲಿಸುತ್ತವೆ. ಹಲ್ವ, ಬಾಳೆಕಾಯಿ ಉಪ್ಪೇರಿಗಳು ಹಿಂದಿನ ಸಾಲಿಗೆ ಸರಿದು, ಕಡುಕಂದು ಬಣ್ಣದ ಪ್ಲಮ್ ಕೇಕುಗಳು ಮುಂದೆ ಬಂದು ಕುಳಿತುಕೊಳ್ಳುತ್ತವೆ. ವಯನಾಡು ಜಿಲ್ಲೆಯ ಪನಮರಂ ಪೇಟೆಯೂ ಇದಕ್ಕೆ ಹೊರತಲ್ಲ. ಸುತ್ತಣ ಬಯಲುಗಳಲ್ಲಿ ಭತ್ತದ ಕೊಯ್ಲು, ಗುಡ್ಡದ ತೋಟಗಳಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ನಡೆಯುವ ಕಾಲವದು. ಶಾಲೆಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ. ಕ್ರಿಸ್ಮಸ್ ರಜೆಗೆ ಮುನ್ನ, ಕೊನೆಯ ದಿನ, ತರಗತಿಗಳಲ್ಲಿ ಕೇಕು ಕತ್ತರಿಸಿ ಹಂಚುವುದು ಈಗ ರಾಜ್ಯದಾದ್ಯಂತ ವಾಡಿಕೆಯಾಗಿದೆ. ಯಾವ ಮತದ ಮಗುವೂ ಆ ಸಾಲಿನಿಂದ ಹೊರಗಿರುವುದಿಲ್ಲ.

ಆದರೆ ಮೊಟ್ಟೆ ಮುಟ್ಟದ ಮನೆಯ ಮಗುವಿಗೆ ಆ ಒಂದು ತುಂಡು ಸಣ್ಣದೊಂದು ಸಂಕಟವನ್ನು ತರುತ್ತದೆ. ತಿಂದರೆ ಮನೆಯಲ್ಲಿ ಹೇಳಬೇಕು, ತಿನ್ನದಿದ್ದರೆ ಗೆಳೆಯರಿಗೆ ಕಾರಣ ಕೊಡಬೇಕು. ಹಿರಿಯರಿಗೆ ಇದು ಅಲ್ಪ ವಿಷಯವೆನಿಸಬಹುದು. ಎಂಟು ವರ್ಷದ ಮಗುವಿಗೆ ಅದು ಅಲ್ಪವಲ್ಲ. ಪನಮರಂ ಪರಿಸರದ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಮತ್ತಷ್ಟು ಹರಿತವಾಗುತ್ತದೆ. ಏಕೆಂದರೆ ಇಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದವರಲ್ಲಿ ಜೈನರು ಮುಖ್ಯರು.

ವಯನಾಡಿನ ಜೈನರನ್ನು ನೆರೆಹೊರೆಯವರು ‘ಗೌಡರ್’ ಎಂದು ಕರೆಯುತ್ತಾರೆ. ತಮ್ಮ ಹಿರಿಯರು ಕರ್ನಾಟಕದ ಕಡೆಯಿಂದ ಬಂದವರೆಂಬುದು ಸಮುದಾಯದ ನೆನಪು. ಕಲ್ಪೆಟ್ಟದ ಸಮೀಪ ಪುಳಿಯಾರ್‌ಮಲೆಯಲ್ಲಿರುವ ಅನಂತನಾಥಸ್ವಾಮಿ ಬಸದಿ, ಸುಲ್ತಾನ್ ಬತ್ತೇರಿಯ ಪ್ರಾಚೀನ ಕಲ್ಲುಬಸದಿ ಇವರ ಇತಿಹಾಸವನ್ನು ಹೇಳುತ್ತವೆ. ‘ಮಾತೃಭೂಮಿ’ ಪತ್ರಿಕೆಯನ್ನು ದೀರ್ಘಕಾಲ ಮುನ್ನಡೆಸಿದ, ಲೇಖಕರೂ ಸಂಸದರೂ ಆಗಿದ್ದ ಎಂ.ಪಿ. ವೀರೇಂದ್ರಕುಮಾರ್ (1936–2020) ಇದೇ ಸಮುದಾಯದವರು. ನಾಡಿನ ಹೆಸರೂ ಎರಡು ಭಾಷೆಗಳಿಗೆ ಸೇರಿದ್ದು. ಮಲಯಾಳದ ‘ವಯನಾಡು’ ಹಳೆಯ ಕನ್ನಡ ಶಾಸನಗಳಲ್ಲಿ ‘ಬಯಲುನಾಡು’. ಪನಮರಂ ಎಂಬುದಕ್ಕೆ ತಾಳೆಮರವೆಂದೇ ಅರ್ಥ. ನಮ್ಮ ‘ಪನೆ’ ಅಲ್ಲಿಯೂ ಇದೆ. ಕಾಸರಗೋಡು, ಮಂಜೇಶ್ವರಗಳಲ್ಲಿ ಇರುವಷ್ಟು ಕನ್ನಡ ಶಾಲೆಗಳ ಆಸರೆ ಅಲ್ಲಿನ ಮನೆಗಳಿಗಿಲ್ಲ. ಭಾಷೆ ಉಳಿದಿರುವುದು ಅಡುಗೆಮನೆಯಲ್ಲಿ, ಬಸದಿಯಲ್ಲಿ, ಅಜ್ಜಿಯಂದಿರ ಮಾತಿನಲ್ಲಿ.

ಜೈನರ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ, ಮದ್ಯ ಬರುವುದಿಲ್ಲ, ಜೇನೂ ಬರುವುದಿಲ್ಲ. ಬೇಕರಿಯ ಪ್ಲಮ್ ಕೇಕಿನಲ್ಲಿ ಮೊದಲನೆಯದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಣ್ಣುಗಳನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ರಮ್ ಅಥವಾ ಬ್ರಾಂದಿಯಲ್ಲಿ ನೆನೆಸಿಡುವ ಕ್ರಮವಿರುವುದರಿಂದ ಎರಡನೆಯದೂ ಇರಬಹುದು. ಹಾಗಾದರೆ ಈ ಮನೆಗಳಿಗೆ ಹಣ್ಣಿನ ಕೇಕು ಸಲ್ಲದ ವಸ್ತುವೇ? ಉತ್ತರವನ್ನು ಕೇಕಿನ ಚರಿತ್ರೆಯೇ ಕೊಡುತ್ತದೆ. ಆ ಚರಿತ್ರೆ ನಡೆದದ್ದು ಪನಮರಂನಿಂದ ಬಹಳ ದೂರದಲ್ಲಿಯೂ ಅಲ್ಲ, ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ.

ತಲಶ್ಶೇರಿಯ ಕಮ್ಮಾರನ ಅಚ್ಚು

ಬರ್ಮಾದಲ್ಲಿ ಬಿಸ್ಕತ್ತು ತಯಾರಿಕೆಯನ್ನು ಕಲಿತು ಬಂದ ಮಂಬಳ್ಳಿ ಬಾಪು ಎಂಬವರು 1880ರಲ್ಲಿ ತಲಶ್ಶೇರಿಯಲ್ಲಿ ರಾಯಲ್ ಬಿಸ್ಕತ್ತು ಕಾರ್ಖಾನೆಯನ್ನು ತೆರೆದರು. 1883ರ ಕ್ರಿಸ್ಮಸ್ ಸಮೀಪಿಸಿದಾಗ ಅಂಜರಕಂಡಿಯ ದಾಲ್ಚಿನ್ನಿ ತೋಟದ ಒಡೆಯ ಬ್ರೌನ್ ಎಂಬ ಆಂಗ್ಲ ದೊರೆ ಇಂಗ್ಲೆಂಡಿನಿಂದ ತಂದ ಪ್ಲಮ್ ಕೇಕಿನ ಒಂದು ತುಂಡನ್ನು ಅವರ ಮುಂದಿಟ್ಟು, ಇದರಂತೆಯೇ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದನೆಂಬ ವೃತ್ತಾಂತವನ್ನು ಬಾಪು ಅವರ ಮನೆತನದವರು ಇಂದಿಗೂ ಹೇಳುತ್ತಾರೆ. ಒಣದ್ರಾಕ್ಷಿ, ಖರ್ಜೂರಗಳನ್ನು ದೊರೆಯೇ ಕೊಟ್ಟನಂತೆ; ಬ್ರಾಂದಿಯನ್ನು ಪಕ್ಕದ ಫ್ರೆಂಚರ ಮಾಹೆಯಿಂದ ತರಿಸಿಕೊಳ್ಳಲು ಹೇಳಿದನಂತೆ. ಬಾಪು ಮಾಹೆಗೆ ಹೋಗಲಿಲ್ಲ. ಊರಿನ ಗೇರುಹಣ್ಣು, ಕದಳಿ ಬಾಳೆಹಣ್ಣುಗಳಿಂದ ಇಳಿಸಿದ ದ್ರವವನ್ನೇ ಬಳಸಿದರು. ಮಲಬಾರಿನ ಸಾಂಬಾರ ಪದಾರ್ಥಗಳನ್ನು ಬೆರೆಸಿದರು. ಅಚ್ಚು ಬೇಕಿತ್ತು, ಧರ್ಮಡದ ಕಮ್ಮಾರನಿಂದ ಮಾಡಿಸಿಕೊಂಡರು. ತಿಂದು ನೋಡಿದ ದೊರೆ ಮೆಚ್ಚಿ, ಇನ್ನೊಂದು ಡಜನ್ ಬೇಕೆಂದನಂತೆ.

ಈ ಕಥೆಯನ್ನು ಸಾಮಾನ್ಯವಾಗಿ ‘ಭಾರತದ ಮೊದಲ ಕ್ರಿಸ್ಮಸ್ ಕೇಕು’ ಎಂಬ ಹೆಮ್ಮೆಗಾಗಿ ಹೇಳುವುದುಂಟು. ಮೊದಲನೆಯದು ಯಾವುದು ಎಂಬ ಚರ್ಚೆಗೆ ಕೊನೆಯಿಲ್ಲ. ಗಮನಿಸಬೇಕಾದ ಸಂಗತಿ ಬೇರೆ. ಆ ಕೇಕು ಹುಟ್ಟಿದ್ದೇ ಬದಲಿ ಪದಾರ್ಥಗಳಿಂದ. ದೊರೆ ಹೇಳಿದ ಬ್ರಾಂದಿಯ ಬದಲು ಊರಿನ ಹಣ್ಣಿನ ರಸ, ವಿಲಾಯಿತಿ ಅಚ್ಚಿನ ಬದಲು ಊರ ಕಮ್ಮಾರನ ಅಚ್ಚು. ‘ಪ್ಲಮ್’ ಎಂಬ ಹೆಸರೇ ಒಂದು ಬದಲಿ. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಆ ಹೆಸರು ಸಲ್ಲುತ್ತಿತ್ತು; ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರಬೇಕೆಂದೇನೂ ಇಲ್ಲ.

ಮೊಟ್ಟೆಯ ಬದಲಿಯೂ ಹೊಸತಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಅವರು ಸ್ಥಾಪಿಸಿದ ಬೆಂಗಳೂರು ಬ್ರದರ್ಸ್ ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಆರಂಭವಾಯಿತು. ಮೊಟ್ಟೆಯಿಲ್ಲದ ಕೇಕು, ಬ್ರೆಡ್ಡುಗಳೇ ಆ ಹೆಸರಿಗೆ ಅರ್ಥ ತಂದವು. ಆಚಾರವಂತರು ಬ್ರೆಡ್ಡನ್ನೇ ಅನುಮಾನದಿಂದ ನೋಡುತ್ತಿದ್ದ ದಿನಗಳಲ್ಲಿ ಅವರು ಒಲೆ ಹಚ್ಚಿದರು. ಇಂದು ಕರ್ನಾಟಕದ ಯಾವ ತಾಲೂಕು ಕೇಂದ್ರಕ್ಕೆ ಹೋದರೂ ಆ ಫಲಕವೊಂದು ಕಾಣಸಿಗುತ್ತದೆ.

ಇನ್ನು ‘ಓವನ್ ಇಲ್ಲದ ಮನೆಯಲ್ಲಿ ಕೇಕು ಹೇಗೆ?’ ಎಂಬ ಪ್ರಶ್ನೆ. ಕಾಸರಗೋಡಿನಿಂದ ಕಣ್ಣೂರಿನವರೆಗೆ ‘ಕಲತ್ತಪ್ಪ’ವನ್ನು ತಿಂದವರು ಈ ಪ್ರಶ್ನೆಯನ್ನು ಕೇಳಬಾರದು. ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಚೂರುಗಳ ಹಿಟ್ಟನ್ನು ದಪ್ಪ ಪಾತ್ರೆಗೆ ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವುದು ಅದರ ಹಳೆಯ ಕ್ರಮ. ಈಗ ಅದನ್ನು ಪ್ರೆಶರ್ ಕುಕ್ಕರಿನಲ್ಲಿ ಮಾಡುವುದರಿಂದ ‘ಕುಕ್ಕರಪ್ಪ’ ಎಂಬ ಅಡ್ಡಹೆಸರೂ ಬಂದಿದೆ. ಕರಾವಳಿಯ ಕೊಂಕಣಿ ಮನೆಗಳ ಸೌತೆಕಾಯಿಯ ‘ತವಸಳಿ’ಯೂ ಹೀಗೆಯೇ ಎರಡು ಕಡೆಯ ಶಾಖದಲ್ಲಿ ಬೇಯುತ್ತಿತ್ತು. ಎರಡು ಕಡೆಯ ಒಣ ಶಾಖಕ್ಕೇ ಇಂಗ್ಲಿಷಿನವರು ಓವನ್ ಎಂದು ಹೆಸರಿಟ್ಟರು. ಗೆರಟೆಯ ಕೆಂಡವನ್ನು ಮುಚ್ಚಳದ ಮೇಲೆ ಹರಡಿದ ಅಜ್ಜಿಯರಿಗೆ ಹೆಸರಿನ ಅಗತ್ಯ ಬೀಳಲಿಲ್ಲ. ಹಣ್ಣಿನ ವಿಷಯದಲ್ಲಿಯೂ ನಾವು ಬಡವರಲ್ಲ. ಹಲಸಿನ ಹಣ್ಣಿನ ಕೊಟ್ಟಿಗೆ ಎಂದರೆ ಬಾಳೆಲೆಯಲ್ಲಿ ಬೆಂದ ಹಣ್ಣಿನ ಕೇಕಲ್ಲದೆ ಮತ್ತೇನು?

ಹಿತ್ತಿಲಲ್ಲೇ ಇರುವ ಬೇಕರಿ ಸಾಮಾನು

ಬೇಕರಿಯ ಹಣ್ಣಿನ ಕೇಕಿನಲ್ಲಿ ಕಾಣುವ ಕೆಂಪು, ಹಸಿರು, ಹಳದಿ ಚೂರುಗಳಿಗೆ ಟೂಟಿ ಫ್ರೂಟಿ ಎನ್ನುತ್ತಾರೆ. ಹೆಸರು ಇಟಲಿಯದು, ಪದಾರ್ಥ ಹಿತ್ತಿಲಿನದು. ಕಾಸರಗೋಡಿನ ಮನೆಗಳಲ್ಲಿ ಬಪ್ಪಂಗಾಯಿ ಎಂದು ಕರೆಯುವ ಪಪ್ಪಾಯಿಯ ಕಾಯನ್ನು ಸಣ್ಣಗೆ ಹೆಚ್ಚಿ, ಸಕ್ಕರೆ ಪಾಕದಲ್ಲಿ ಕುದಿಸಿ, ಬಣ್ಣ ಸೇರಿಸಿ ಒಣಗಿಸಿದರೆ ಅದೇ ಟೂಟಿ ಫ್ರೂಟಿ. ಕೇಕಿನ ಮೇಲಿನ ಕೆಂಪು ‘ಚೆರ್ರಿ’ಯೂ ಬಹುಮಟ್ಟಿಗೆ ನಮ್ಮ ಕುಮೇರು ಗುಡ್ಡಗಳ ಕರಂಡೆಕಾಯಿಯೇ, ಬೀಜ ತೆಗೆದು, ಪಾಕದಲ್ಲಿ ಅದ್ದಿ, ಬಣ್ಣ ಬಳಿದು ಬರುತ್ತದೆ ಅಷ್ಟೆ. ಮನೆಯಲ್ಲಿ ಮಾಡಿಕೊಂಡರೆ ಬಣ್ಣವನ್ನು ಬಿಡಬಹುದು. ಕಾಯನ್ನು ಕಡಲೆಬೇಳೆಗಿಂತ ತುಸು ದೊಡ್ಡದಾಗಿ ಹೆಚ್ಚಿ, ಚೂರುಗಳು ಅರೆಪಾರದರ್ಶಕವಾಗುವವರೆಗೆ ನೀರಿನಲ್ಲಿ ಬೇಯಿಸಿ ಸೋಸಬೇಕು. ಅಷ್ಟೇ ತೂಕದ ಸಕ್ಕರೆಯನ್ನು ಸ್ವಲ್ಪ ನೀರಿನೊಂದಿಗೆ ಕುದಿಸಿ ಅದರಲ್ಲಿ ಚೂರುಗಳನ್ನು ಹಾಕಿ, ಪಾಕ ದಪ್ಪಗಾಗುವವರೆಗೆ ಸಣ್ಣ ಉರಿಯಲ್ಲಿಡಬೇಕು. ಒಂದು ರಾತ್ರಿ ಪಾಕದಲ್ಲೇ ಬಿಟ್ಟು, ಮರುದಿನ ಸೋಸಿ ತಟ್ಟೆಯಲ್ಲಿ ಹರಡಿ ಒಣಗಿಸಿದರೆ ಮುಗಿಯಿತು. ಉಳಿದ ಪಾಕವನ್ನು ಚೆಲ್ಲಬೇಕಿಲ್ಲ, ಪಾನಕಕ್ಕಾಗುತ್ತದೆ.

ಮಳೆಗಾಲಕ್ಕೆ ಮುನ್ನ ಕಾಯಿಸಿಟ್ಟ ಹಲಸಿನ ಹಣ್ಣಿನ ಬೆರಟಿ ಭರಣಿಯಲ್ಲಿ ಉಳಿದಿದ್ದರೆ ಅದಕ್ಕಿಂತ ಉತ್ತಮವಾದ ಹಣ್ಣು ಕೇಕಿಗೆ ಬೇರೆ ಬೇಡ. ಹಲಸನ್ನು 2018ರಲ್ಲಿ ಕೇರಳವು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ಆದರೂ ಬೇಕರಿಯ ಕೇಕಿನೊಳಗೆ ಅದು ಅಪರೂಪ. ಉತ್ತರ ಕನ್ನಡದ ನೆಂಟರಿದ್ದವರ ಮನೆಯಲ್ಲಿ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಇರಬಹುದು. ಕೊಲ್ಲಿ ನಾಡುಗಳಲ್ಲಿ ದುಡಿಯುವವರು ಊರಿಗೆ ಬರುವಾಗ ತರುವ ಖರ್ಜೂರ ಮಲಬಾರಿನ ಯಾವ ಮನೆಗೂ ಹೊಸತಲ್ಲ. ಗೇರುಬೀಜ, ಏಲಕ್ಕಿ, ಲವಂಗ, ಜಾಯಿಕಾಯಿಗಳ ಬಗ್ಗೆ ಕಾಸರಗೋಡಿನವರಿಗೂ ವಯನಾಡಿನವರಿಗೂ ಹೇಳಬೇಕಾದದ್ದೇನೂ ಇಲ್ಲ.

ನಿಷ್ಠೆಯ ಜೈನ ಮನೆಗಳಲ್ಲಿ ಇನ್ನೂ ಕೆಲವು ವಿಷಯಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಅಂಜೂರ ಸಲ್ಲದು, ಆಲ, ಅರಳಿ, ಅತ್ತಿಗಳ ಬಳಗಕ್ಕೆ ಸೇರಿದ ಅದು ವರ್ಜ್ಯವಾದ ಪಂಚೋದುಂಬರ ಫಲಗಳ ಲೆಕ್ಕಕ್ಕೆ ಬರುತ್ತದೆ. ಹಸಿಶುಂಠಿ ವಯನಾಡಿನ ದೊಡ್ಡ ಬೆಳೆಯಾದರೂ ನೆಲದೊಳಗಿನ ಗೆಡ್ಡೆಯಾದುದರಿಂದ ಅದನ್ನು ಬಿಡುವವರುಂಟು. ಒಣಶುಂಠಿಯ ಪುಡಿಗೆ ಅನೇಕರಲ್ಲಿ ಅಡ್ಡಿಯಿಲ್ಲ. ಹುದುಗಿಸಿ ತಯಾರಿಸುವ ವಿನೆಗರ್ ಬದಲು ನಿಂಬೆರಸ. ಮೊಸರು ಅಂದು ಹೆಪ್ಪಾದದ್ದೇ ಆಗಬೇಕು. ಇಂದಿನ ಮನೆಗಳಲ್ಲಿ ಎಲ್ಲರೂ ಒಂದೇ ಪ್ರಮಾಣದ ನಿಷ್ಠೆಯವರಲ್ಲ. ಒಂದೇ ಮನೆಯಲ್ಲಿ ಅಜ್ಜಿಯದೊಂದು ಕ್ರಮ, ಕಾಲೇಜಿಗೆ ಹೋಗುವ ಮೊಮ್ಮಗನದು ಇನ್ನೊಂದು. ಕೇಕನ್ನು ಅಜ್ಜಿಯ ಕ್ರಮಕ್ಕೆ ಹೊಂದಿಸಿದರೆ ಎಲ್ಲರೂ ಒಟ್ಟಿಗೆ ತಿನ್ನಬಹುದು. ಮೊಮ್ಮಗನ ಕ್ರಮಕ್ಕೆ ಹೊಂದಿಸಿದರೆ ಒಬ್ಬರು ಹೊರಗುಳಿಯುತ್ತಾರೆ.

ಮೊಟ್ಟೆ ಮಾಡುವ ಕೆಲಸವನ್ನು ಯಾರು ಮಾಡಬೇಕು?

ಮೊಟ್ಟೆಯನ್ನು ಬಿಟ್ಟುಬಿಟ್ಟರೆ ಸಾಲದು, ಅದು ಮಾಡುತ್ತಿದ್ದ ಕೆಲಸವನ್ನು ಬೇರೆಯವರಿಗೆ ಹಂಚಬೇಕು. ಮೊಟ್ಟೆ ಕೇಕಿಗೆ ತೇವ ಕೊಡುತ್ತದೆ. ಕಡೆದಾಗ ಗಾಳಿಯನ್ನು ಹಿಡಿದಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಬೆಂದಾಗ ಗಟ್ಟಿಯಾಗಿ ಕೇಕಿನ ಮೈಯನ್ನು ಎತ್ತಿ ಹಿಡಿಯುತ್ತದೆ. ತೇವದ ಕೆಲಸವನ್ನು ಮೊಸರು ಮಾಡುತ್ತದೆ. ಉಬ್ಬಿಸುವ ಕೆಲಸಕ್ಕೆ ಮೊಸರಿನ ಹುಳಿಯೂ ಅಡುಗೆ ಸೋಡವೂ ಜೊತೆಯಾಗುತ್ತವೆ. ಇವೆರಡು ಸೇರಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಹಿಟ್ಟಿನೊಳಗೆ ಗುಳ್ಳೆಗಳನ್ನು ಎಬ್ಬಿಸುತ್ತದೆ. ಏಳನೆಯ ತರಗತಿಯ ಮಗು ಆಮ್ಲ, ಪ್ರತ್ಯಾಮ್ಲಗಳೆಂದು ಓದಿದ್ದು ಇದನ್ನೇ. ಒಂದು ಚಮಚ ಮೊಸರಿಗೆ ಚಿಟಿಕೆ ಸೋಡ ಹಾಕಿ ತೋರಿಸಿದರೆ ಪುಸ್ತಕದ ಪಾಠ ಅಡುಗೆಮನೆಯಲ್ಲಿ ನೊರೆಯೇಳುತ್ತದೆ. ಮೈಯನ್ನು ಎತ್ತಿ ಹಿಡಿಯುವ ಮೂರನೆಯ ಕೆಲಸ ಮಾತ್ರ ಕಷ್ಟದ್ದು. ಅದನ್ನು ಗೋಧಿಯ ಅಂಟಿಗೇ ಬಿಡಬೇಕಾಗುತ್ತದೆ. ಆದುದರಿಂದಲೇ ಮೊಟ್ಟೆಯಿಲ್ಲದ ಕೇಕು ದುಂಡಗಿನ ದೊಡ್ಡ ಅಚ್ಚಿಗಿಂತ ಬ್ರೆಡ್ಡಿನ ಉದ್ದನೆಯ ಅಚ್ಚಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಅಗಲ ಕಡಿಮೆಯಿರುವುದರಿಂದ ಎರಡು ಬದಿಯ ಗೋಡೆಗಳು ಅದನ್ನು ಹಿಡಿದುಕೊಳ್ಳುತ್ತವೆ, ನಡುಭಾಗಕ್ಕೂ ಶಾಖ ಬೇಗ ತಲುಪುತ್ತದೆ.

ಎಂಟು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ಒಂದು ಅಚ್ಚಿಗೆ 200 ಗ್ರಾಂ ಮೈದಾ ಬೇಕು. ಅರ್ಧದಷ್ಟು ಗೋಧಿಹಿಟ್ಟನ್ನು ಬೆರೆಸಬಹುದು. ಕೇಕು ಸ್ವಲ್ಪ ಒರಟಾಗುತ್ತದೆ, ಹೊಟ್ಟೆಗೆ ಒಳ್ಳೆಯದು. ಪುಡಿಮಾಡಿದ ಬೆಲ್ಲ 125 ಗ್ರಾಂ, ಎಣ್ಣೆ ಅಥವಾ ಕರಗಿಸಿದ ತುಪ್ಪ 90 ಮಿಲಿಲೀಟರ್, ಮೊಸರು 180 ಮಿಲಿಲೀಟರ್, ಬೇಕಿಂಗ್ ಪೌಡರ್ ಒಂದು ಚಹಾ ಚಮಚ, ಅಡುಗೆ ಸೋಡ ಅರ್ಧ ಚಹಾ ಚಮಚ. ಸೋಡ ಇದಕ್ಕಿಂತ ಹೆಚ್ಚಾದರೆ ಕೇಕಿಗೆ ಸಾಬೂನಿನ ರುಚಿ ಬರುತ್ತದೆ. ಹಣ್ಣುಗಳೆಲ್ಲ ಸೇರಿ 200 ಗ್ರಾಂ: ಒಣದ್ರಾಕ್ಷಿ, ಖರ್ಜೂರದ ಚೂರು, ಬಪ್ಪಂಗಾಯಿಯ ಚೂರು, ಬೆರಟಿ, ಮನೆಯಲ್ಲಿ ಏನಿದೆಯೋ ಅದು. ಜೊತೆಗೆ ಒಂದು ಹಿಡಿ ಗೇರುಬೀಜ. ಏಲಕ್ಕಿ ನಾಲ್ಕು, ಲವಂಗ ಎರಡು, ಬೆರಳಿನ ಅರ್ಧದಷ್ಟು ದಾಲ್ಚಿನ್ನಿ ಇವನ್ನು ಕುಟ್ಟಿ ಜರಡಿ ಹಿಡಿದು, ಸ್ವಲ್ಪ ಜಾಯಿಕಾಯಿ ತೇದು, ಕಾಲು ಚಮಚ ಒಣಶುಂಠಿಯ ಪುಡಿ ಸೇರಿಸಬೇಕು. ಒಂದು ಚಿಟಿಕೆ ಉಪ್ಪನ್ನು ಮರೆಯಬಾರದು.

ಹಣ್ಣುಗಳನ್ನು ನೆನೆಸುವುದಕ್ಕೆ ಮದ್ಯದ ಬದಲು ಕಿತ್ತಳೆಯ ರಸ ಸಾಕು. ಡಿಸೆಂಬರಿನಲ್ಲಿ ಕೊಡಗಿನ ಕಿತ್ತಳೆ ಸಿಕ್ಕಿದರೆ ಭಾಗ್ಯ. ಮುಕ್ಕಾಲು ಕಪ್ಪಿನಷ್ಟು ರಸಕ್ಕೆ ಎರಡು ಚಮಚ ಗಾಢವಾದ ಕಪ್ಪು ಕಾಫಿಯನ್ನು ಬೆರೆಸಿದರೆ ರಮ್ ಕೊಡುವ ಕಹಿಯಂಚಿನ ಗಾಂಭೀರ್ಯ ಬಹುಮಟ್ಟಿಗೆ ಬರುತ್ತದೆ. ವಯನಾಡಿನ ರೊಬಸ್ಟಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ. ಅದರ ಕಹಿ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಮದ್ಯದಲ್ಲಿ ನೆನೆದ ಹಣ್ಣು ತಿಂಗಳುಗಟ್ಟಲೆ ಕೆಡದು, ರಸದಲ್ಲಿ ನೆನೆದದ್ದು ಹಾಗಲ್ಲ. ಹೊರಗೆ ಎರಡು ಮೂರು ದಿನ ಬಿಟ್ಟರೆ ಅದು ತಾನಾಗಿ ಹುಳಿತು, ಮನೆಯವರು ಯಾವುದನ್ನು ಬೇಡವೆಂದಿದ್ದರೋ ಆ ಪದಾರ್ಥವೇ ಆಗಿಬಿಡುತ್ತದೆ! ಒಂದು ರಾತ್ರಿ ಸಾಕು. ರಾತ್ರಿ ನೆನೆಸಿಟ್ಟದ್ದು ಸಲ್ಲದ ಮನೆಗಳಲ್ಲಿ ಅಂದೇ ಹಣ್ಣು ಮತ್ತು ರಸವನ್ನು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ರಸ ಇಂಗಿದ ಮೇಲೆ ಆರಲು ಬಿಟ್ಟರೂ ಫಲ ಹೆಚ್ಚುಕಡಿಮೆ ಒಂದೇ.

ಕೇಕಿನ ಕಂದುಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. 50 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಒಣಗಿರುವಂತೆಯೇ ಕಾಯಿಸಿ, ಕರಗಿ ಕೆಂಪಾಗಿ ಹೊಗೆ ಏಳುವ ಮುನ್ನ ಉರಿ ಆರಿಸಿ, 60 ಮಿಲಿಲೀಟರ್ ಬಿಸಿನೀರನ್ನು ದೂರದಿಂದ ನಿಧಾನವಾಗಿ ಹೊಯ್ಯಬೇಕು. ಸಿಡಿಯುತ್ತದೆ. ಮಕ್ಕಳು ಆಗ ಹತ್ತಿರ ಇರಕೂಡದು. ಬೇರೆ ಕೆಲಸಗಳಲ್ಲಿ ಅವರನ್ನು ಧಾರಾಳವಾಗಿ ಸೇರಿಸಿಕೊಳ್ಳಬಹುದು, ಇದೊಂದರಲ್ಲಿ ಬೇಡ. ಒಂದು ಕ್ಷಣ ಹೆಚ್ಚು ಕಾದರೆ ಪಾಕ ಕಹಿಯಾಗುತ್ತದೆ, ಆಗ ಆ ಸಕ್ಕರೆಯನ್ನು ಚೆಲ್ಲಿ ಹೊಸದಾಗಿ ಮಾಡುವುದೇ ಮೇಲು.

ಘಟ್ಟದ ಮೇಲಿನ ಚಳಿಗಾಲಕ್ಕೆ ಅದರದೇ ತೊಡಕುಗಳಿವೆ. ಪನಮರಂ ಇರುವ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಕೇಕಿನ ಲೆಕ್ಕವನ್ನು ಬದಲಿಸಬೇಕಾದಷ್ಟು ಎತ್ತರವೇನೂ ಅದಲ್ಲ. ಅಂಥ ತೊಂದರೆ ಸಾವಿರ ಮೀಟರಿನ ಆಸುಪಾಸಿನಿಂದ ಮೇಲಕ್ಕೆ. ಆದರೆ ಡಿಸೆಂಬರಿನ ಬೆಳಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಮೊಸರು ಹೆಪ್ಪಾಗುವುದಕ್ಕೆ ಸತಾಯಿಸುತ್ತದೆ. ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಂಡರೂ ತಣ್ಣನೆಯ ಮೊಸರಿಗೆ ಹೊಯ್ದೊಡನೆ ಅದು ಮತ್ತೆ ಕಾಳುಕಾಳಾಗಿ ಗಟ್ಟಿಯಾಗುತ್ತದೆ. ಎರಡೂ ಒಂದೇ ಹದದ ಬೆಚ್ಚಗಿರಬೇಕು. ಮೊಸರು ಸಿಗದಿದ್ದರೆ ಅಷ್ಟೇ ಅಳತೆಯ ಉಗುರುಬೆಚ್ಚಗಿನ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟರೆ ಕೆಲಸ ನಡೆಯುತ್ತದೆ.

ಹಿಟ್ಟು ಕಲೆಸುವ ಮೊದಲೇ ಒಲೆ ಸಿದ್ಧವಾಗಿರಬೇಕು. ಸೋಡ ಮೊಸರನ್ನು ಮುಟ್ಟಿದ ಕ್ಷಣದಿಂದ ತನ್ನ ಉಸಿರನ್ನು ಬಿಡತೊಡಗುತ್ತದೆ. ಕಲೆಸಿದ ಮೇಲೆ ಅಚ್ಚು ಹುಡುಕಲು ಹೊರಟರೆ ಕೇಕು ಇಟ್ಟಿಗೆಯಾಗುತ್ತದೆ. ಓವನ್ ಇದ್ದವರು ಅದನ್ನು 170 ಡಿಗ್ರಿಗೆ ಕಾಯಿಸಿಟ್ಟರಾಯಿತು. ಇಲ್ಲದವರು ಅಚ್ಚು ಹಿಡಿಸುವಷ್ಟು ದೊಡ್ಡದಾದ, ದಪ್ಪ ತಳದ ಹಳೆಯ ಪಾತ್ರೆಗೆ ಒಂದು ಅಂಗುಲ ದಪ್ಪಕ್ಕೆ ಒಣಮರಳು ಅಥವಾ ಹರಳುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಕುಕ್ಕರ್ ಬಳಸುವುದಾದರೆ ಅದರ ರಬ್ಬರ್ ಗ್ಯಾಸ್ಕೆಟ್ಟನ್ನೂ ವಿಸಿಲನ್ನೂ ತೆಗೆದಿಡಬೇಕು, ನೀರು ಹಾಕಬಾರದು. ಹೀಗೆ ಒಣಗಿಸಿ ಕಾಯಿಸಿದ ಕುಕ್ಕರ್ ಕ್ರಮೇಣ ಹಾಳಾಗುತ್ತದೆ. ಅನ್ನ ಬೇಯಿಸುವ ನಿತ್ಯದ ಕುಕ್ಕರನ್ನು ಇದಕ್ಕೆ ಬಲಿಕೊಡುವುದು ಬುದ್ಧಿವಂತಿಕೆಯಲ್ಲ. ಮಣ್ಣಿನೊಲೆಯಿರುವ ಮನೆಗಳಲ್ಲಿ ಕೆಂಡವೇ ಸಾಕು, ಮುಚ್ಚಳದ ಮೇಲೆ ಕೆಳಗಿನದಕ್ಕಿಂತ ಹೆಚ್ಚು.

ಹಿಟ್ಟು, ಬೇಕಿಂಗ್ ಪೌಡರ್, ಸೋಡ, ಉಪ್ಪು, ಸಾಂಬಾರ ಪುಡಿಗಳನ್ನು ಎರಡು ಸಲ ಜರಡಿ ಹಿಡಿಯಬೇಕು. ಇದು ಮಕ್ಕಳ ಕೆಲಸ. ಅದರಲ್ಲಿ ಎರಡು ಚಮಚವನ್ನು ತೆಗೆದು ಹಣ್ಣಿನ ಚೂರುಗಳಿಗೆ ಸವರಿಡಬೇಕು; ಹೀಗೆ ಮಾಡಿದರೆ ಅವು ಹಿಟ್ಟಿಗೆ ಅಂಟಿಕೊಂಡು ತಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಹಣ್ಣು ತಳ ಸೇರುವುದಕ್ಕೆ ನಿಜವಾದ ಕಾರಣ ಹಿಟ್ಟು ತೆಳ್ಳಗಿರುವುದು, ಅಥವಾ ಹಣ್ಣಿನಲ್ಲಿ ರಸ ಉಳಿದಿರುವುದು. ಇನ್ನೊಂದು ಪಾತ್ರೆಯಲ್ಲಿ ಬೆಲ್ಲ, ಎಣ್ಣೆ, ಮೊಸರು, ಆರಿದ ಸಕ್ಕರೆ ಪಾಕವನ್ನು ಬೆಲ್ಲ ಕರಗುವವರೆಗೆ ಕಲಕಬೇಕು. ಬೆಲ್ಲದಲ್ಲಿ ಕಸವಿದ್ದರೆ ಸೋಸಿಕೊಳ್ಳುವುದು ಒಳ್ಳೆಯದು. ಬಳಿಕ ಹಿಟ್ಟನ್ನು ಸೇರಿಸಿ, ಒಣ ಹಿಟ್ಟು ಕಾಣದಂತಾದೊಡನೆ ಸೌಟನ್ನು ನಿಲ್ಲಿಸಬೇಕು. ಚಪಾತಿಯ ಕಣಕವನ್ನು ನಾದಿದಷ್ಟೂ ಒಳ್ಳೆಯದು, ಕೇಕಿನ ಹಿಟ್ಟನ್ನು ಕಲಕಿದಷ್ಟೂ ಕೆಟ್ಟದ್ದು. ಗೋಧಿಯ ಅಂಟು ಬಲಿತರೆ ಕೇಕು ಹಿಗ್ಗದೆ ಜಗಿಯುವಂತಾಗುತ್ತದೆ. ಹಣ್ಣು, ಗೇರುಬೀಜ ಸೇರಿಸಿ, ಎಣ್ಣೆ ಸವರಿ ಕಾಗದ ಹಾಸಿದ ಅಚ್ಚಿಗೆ ಮೂರರಲ್ಲಿ ಎರಡು ಭಾಗ ತುಂಬಿದರೆ ಸಾಕು. ಬಟರ್ ಪೇಪರ್ ಇಲ್ಲದಿದ್ದರೆ ಬಾಡಿಸಿದ ಬಾಳೆಲೆ ಅದೇ ಕೆಲಸವನ್ನು ಇನ್ನೂ ಸೊಗಸಾಗಿ ಮಾಡುತ್ತದೆ. ಹಲಸಿನ ಕೊಟ್ಟಿಗೆಯ ಪರಿಮಳದ ಒಂದು ಎಳೆ ಕೇಕಿಗೂ ಬರುತ್ತದೆ.

ಓವನಿನಲ್ಲಾದರೆ 50ರಿಂದ 60 ನಿಮಿಷ. ಪಾತ್ರೆಯಲ್ಲಾದರೆ ಸಣ್ಣ ಉರಿಯಲ್ಲಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಹೆಚ್ಚು. ಮೊದಲ 35 ನಿಮಿಷ ಮುಚ್ಚಳ ತೆರೆದು ನೋಡುವ ಆಸೆಯನ್ನು ಅದುಮಿಡಬೇಕು, ಶಾಖ ತಗ್ಗಿದರೆ ನಡುಭಾಗ ಕುಸಿಯುತ್ತದೆ. ಮೇಲ್ಮೈ ಉದ್ದಕ್ಕೆ ಬಿರುಕು ಬಿಟ್ಟರೆ ಗಾಬರಿ ಬೇಡ. ಹೊರಮೈ ಗಟ್ಟಿಯಾದ ಮೇಲೂ ಒಳಗಿನ ಹಿಟ್ಟು ಉಬ್ಬುತ್ತಿತ್ತೆಂಬುದಕ್ಕೆ ಅದು ಗುರುತು. ತೆಂಗಿನ ಕಡ್ಡಿಯನ್ನು ಚುಚ್ಚಿ ತೆಗೆದಾಗ ಹಸಿಹಿಟ್ಟು ಅಂಟಿರಬಾರದು, ಒಂದೆರಡು ತೇವದ ಹುಡಿಗಳಿದ್ದರೆ ಅಡ್ಡಿಯಿಲ್ಲ.

ನಂತರದ ಕೆಲಸ ಎಲ್ಲಕ್ಕಿಂತ ಕಷ್ಟ: ಕಾಯುವುದು. ಮೊಟ್ಟೆಯಿಲ್ಲದ ಕೇಕು ಬಿಸಿಯಿರುವಾಗ ಬಹಳ ಮೆದು. ಅಚ್ಚಿನಲ್ಲೇ ಕಾಲು ಗಂಟೆ ಬಿಟ್ಟು, ಹೊರತೆಗೆದು, ಪೂರ್ತಿ ಆರುವವರೆಗೆ ಚೂರಿ ಮುಟ್ಟಿಸಬಾರದು. ಮನೆ ತುಂಬ ಪರಿಮಳ ಹರಡಿರುವಾಗ ಮಕ್ಕಳನ್ನು ಎರಡು ಗಂಟೆ ತಡೆದು ನಿಲ್ಲಿಸುವುದಕ್ಕೆ ಯಾವ ಪಾಕಶಾಸ್ತ್ರದಲ್ಲಿಯೂ ಉಪಾಯವಿಲ್ಲ.

ಎಷ್ಟು ದಿನ ಇಡಬಹುದು ಎಂಬಲ್ಲಿ ಮತ್ತೆ ಮನೆಯ ಕ್ರಮ ಅಡ್ಡ ಬರುತ್ತದೆ. ಹಣ್ಣಿನ ಕೇಕಿನ ನಿಜವಾದ ರುಚಿ ಎರಡನೆಯ ದಿನದ್ದು. ಹಣ್ಣಿನ ತೇವ ಸುತ್ತಲಿನ ಹಿಟ್ಟಿಗೆ ಇಳಿದು, ಏಲಕ್ಕಿ ಲವಂಗಗಳು ಹೊಂದಿಕೊಂಡು ಒಂದು ಹದ ಬರುವುದು ಆಗಲೇ. ಆದರೆ ನಿಷ್ಠರಾದ ಜೈನರಿಗೆ ತೇವವುಳಿದ ಪದಾರ್ಥ ರಾತ್ರಿ ಕಳೆದರೆ ತಂಗಳು. ಸೂರ್ಯಾಸ್ತದ ಬಳಿಕ ಊಟವೂ ಇಲ್ಲ. ಅಂಥ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ಹಿಟ್ಟು ಕಲೆಸಿ, ಹನ್ನೊಂದರೊಳಗೆ ಬೇಯಿಸಿ, ಮಧ್ಯಾಹ್ನ ಎರಡರ ನಂತರ ಕತ್ತರಿಸಿ ಸಂಜೆಯೊಳಗೆ ಮುಗಿಸುವುದು ಕ್ರಮ. ಎಂಟು ಅಂಗುಲದ ಕೇಕು ನಾಲ್ಕು ಜನರಿಗೆ ಒಂದೇ ದಿನಕ್ಕೆ ಹೆಚ್ಚಾಗುತ್ತದೆ. ಹೆಚ್ಚಾದದ್ದು ಬೇಲಿಯಾಚೆ ಹೋಗುತ್ತದೆ. ತಿರುವಿದಾಂಕೂರಿನಿಂದ ವಲಸೆ ಬಂದು ವಯನಾಡಿನಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳು ನೆರೆಯಲ್ಲೇ ಇರುವ ಊರುಗಳಿವು. ಕ್ರಿಸ್ಮಸಿಗೆ ಆ ಮನೆಗಳಿಂದ ಕೇಕು ಬಂದಾಗ ಇಸಿದುಕೊಂಡು, ಯಾರಿಗೂ ತಿಳಿಯದಂತೆ ಬೇರೆಯವರಿಗೆ ದಾಟಿಸುವ ಮುಜುಗರ ಮೊಟ್ಟೆ ತಿನ್ನದ ಮನೆಗಳಿಗೆ ಅಪರಿಚಿತವಲ್ಲ. ಈ ಕಡೆಯಿಂದಲೂ ಒಂದು ತಟ್ಟೆ ಹೋದರೆ, ‘ನಮ್ಮದು ಮೊಸರಿನದು’ ಎಂಬ ಮಾತು ಸಹಜವಾಗಿ ಹೊರಬರುತ್ತದೆ. ಮುಂದಿನ ವರ್ಷ ಅಲ್ಲಿಂದ ಬರುವ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ. ಮನೆಯ ಮಗುವಿಗೂ ಆಗ ಕಾರಣ ಹೇಳಲು ಮುಜುಗರವಿಲ್ಲ, ಮಾದರಿಯೇ ಕೈಯಲ್ಲಿರುತ್ತದೆ.

ತಂಗಳಿನ ಕಟ್ಟಿಲ್ಲದವರು ಕೇಕನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಯನಾಡಿನ ಚಳಿಯಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ, ಕಾಸರಗೋಡಿನ ಸೆಕೆಯಲ್ಲಿ ಎರಡು ದಿನ. ಆಮೇಲೆ ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ಜಿನಲ್ಲಿ ಗಟ್ಟಿಯಾದ ತುಂಡುಗಳನ್ನು ದೋಸೆಕಾವಲಿಯ ಮೇಲೆ ಒಂದಿಷ್ಟು ತುಪ್ಪದಲ್ಲಿ ಎರಡೂ ಬದಿ ಬಿಸಿಮಾಡಿದರೆ ಅಂಚು ಗರಿಗರಿಯಾಗಿ, ಒಳಗಿನ ದ್ರಾಕ್ಷಿ ಮತ್ತೆ ಮೆತ್ತಗಾಗುತ್ತದೆ. ಬೆಳಗಿನ ಕಾಫಿಗೆ ಬಹಳ ಮನೆಗಳಲ್ಲಿ ಕೇಕಿಗಿಂತ ಇದಕ್ಕೇ ಬೇಡಿಕೆ ಹೆಚ್ಚು.